ಬಿಳಿ ಕೂದಲು ಮತ್ತು ಕಡಿಮೆ ರಕ್ತ: ಕಬ್ಬಿಣದ ಗುಳಿಗೆ ಕೇಳುವ ಮೊದಲು ಮತ್ತು ಆಮೇಲೆ

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಇತ್ತೀಚೆಗೆ ಅಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಕೂದಲ ಬೆಳ್ಳಗಾಗಾಕತ್ತಾವ್ರೀ, ರಕ್ತ ಆಗೋ ಗುಳಗಿ ಕೊಡ್ರಿ." ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು, ಇಲ್ಲವೇ ಅವರ ತಾಯಂದಿರು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿರುತ್ತಾರೆ. ರಕ್ತ ಕಡಿಮೆಯಾದರೆ ಕೂದಲು ನರೆಯುತ್ತದೆ, ರಕ್ತ ಏರಿದರೆ ಮತ್ತೆ ಕಪ್ಪಾಗುತ್ತದೆ ಅಂತ ಅದರಲ್ಲಿ ಹೇಳಿರುತ್ತಾರೆ.

ಆ ಮಾತಿನ ಮೊದಲ ಅರ್ಧ ಇನ್ನೂ ಅನುಮಾನದಲ್ಲಿದೆ. ಎರಡನೇ ಅರ್ಧಕ್ಕೆ ಆಧಾರವೇ ಇಲ್ಲ. ಹಾಗಂತ ಬಂದವರನ್ನು ಸುಮ್ನೆ ವಾಪಸ್ ಕಳಿಸುವ ಹಾಗೂ ಇಲ್ಲ. ಅವರಿಗೆ ನಿಜವಾಗಿಯೂ ರಕ್ತ ಕಡಿಮೆ ಇರುವ ಸಾಧ್ಯತೆ ದೊಡ್ಡದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತ್ತು. ಇದು ಇಡೀ ದೇಶದ ಲೆಕ್ಕ. ಹಾಗಾಗಿ ಕೂದಲಿನ ಚಿಂತೆಯಿಂದಾದರೂ ಒಂದು ರಕ್ತ ಪರೀಕ್ಷೆ ಆಗಲಿ ಅನ್ನೋದು ನನ್ನ ಲೆಕ್ಕಾಚಾರ. ಪರೀಕ್ಷೆಗೆ ಹೋಗುವುದರಿಂದ ಹಿಡಿದು ಗುಳಿಗೆ ಮುಗಿಸುವವರೆಗೆ ಏನು ಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ರೋಗ ಇಂಥದ್ದೇ ಎಂದು ಹೇಳುವುದು, ಡೋಸ್ ಬರೆಯುವುದು ಅವರ ಕೆಲಸ.

ಮೊದಲು, ನಂಟು ಎಷ್ಟಿದೆ?

ಕೂದಲಿಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್. ಕೂದಲಿನ ಬುಡದಲ್ಲಿರುವ ಮೆಲನೊಸೈಟ್ ಎಂಬ ಕೋಶಗಳು ಅದನ್ನು ತಯಾರಿಸಿ, ಬೆಳೆಯುತ್ತಿರುವ ಕೂದಲಿಗೆ ತುಂಬುತ್ತವೆ. ಈ ಕೋಶಗಳು ಸೋತರೆ ಅಥವಾ ಮುಗಿದುಹೋದರೆ ಅಲ್ಲಿಂದ ಮುಂದೆ ಬರುವ ಕೂದಲು ಬಿಳಿ. ಯಾವ ವಯಸ್ಸಿಗೆ ಹಾಗಾಗುತ್ತದೆ ಅನ್ನುವುದನ್ನು ಬಹುಮಟ್ಟಿಗೆ ವಂಶವೇ ನಿರ್ಧರಿಸುತ್ತದೆ. ಅಪ್ಪನಿಗೋ ಸೋದರಮಾವನಿಗೋ ಬೇಗ ನರೆ ಬಂದಿದ್ದರೆ ನಿಮಗೂ ಬರುವ ಸಂಭವ ಜಾಸ್ತಿ. ನರೆಗೆ ನಂಟಿರುವ ಐಆರ್‌ಎಫ್4 ಎಂಬ ಜೀನನ್ನು 2016ರಲ್ಲಿ ಗುರುತಿಸಿದ್ದಾರೆ. ಬೀಡಿ ಸಿಗರೇಟಿಗೂ ಬೇಗ ನರೆಯುವುದಕ್ಕೂ ನಂಟು ಕಂಡಿದೆ.

ಹಾಗಾದರೆ ಕಬ್ಬಿಣ? ನಮ್ಮ ದೇಶದಲ್ಲೇ ನಡೆದ ಕೆಲವು ಸಣ್ಣ ಅಧ್ಯಯನಗಳಲ್ಲಿ, ಬೇಗ ನರೆತ ಯುವಕ ಯುವತಿಯರ ರಕ್ತದಲ್ಲಿ ಫೆರಿಟಿನ್ ಕಡಿಮೆ ಇದ್ದದ್ದು ಕಂಡಿದೆ. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಅದರ ಜೊತೆಗೆ ವಿಟಮಿನ್ ಬಿ12, ವಿಟಮಿನ್ ಡಿ ಕೂಡ ಕಡಿಮೆ ಇದ್ದವು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಎರಡೂ ಒಟ್ಟಿಗೆ ಕಂಡವು ಅಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತಲೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವ ದೇಶದಲ್ಲಿ ನರೆ ಬಂದವರ ರಕ್ತ ನೋಡಿದರೂ ಕಡಿಮೆ, ಬಾರದವರದ್ದು ನೋಡಿದರೂ ಕಡಿಮೆ ಸಿಗುತ್ತದೆ ಅಲ್ವಾ?

ಬಿ12 ವಿಷಯ ಸ್ವಲ್ಪ ಬೇರೆ. ಅದರ ಕೊರತೆಯ ರಕ್ತಹೀನತೆಗೂ ಬೇಗ ನರೆಯುವುದಕ್ಕೂ ಇರುವ ನಂಟು ವೈದ್ಯರಿಗೆ ಹಳೆಯ ಪರಿಚಯ. ಥೈರಾಯ್ಡ್ ತೊಂದರೆಯದ್ದೂ ಅಷ್ಟೇ. ಮೆಲನಿನ್ ತಯಾರಿಸುವ ಕಿಣ್ವಕ್ಕೆ ತಾಮ್ರ ಬೇಕು, ಹಾಗಾಗಿ ತಾಮ್ರ ತೀರಾ ಕಡಿಮೆಯಾದರೂ ಬಣ್ಣ ಮಂಕಾಗುತ್ತದೆ. ಇಷ್ಟನ್ನು ತಿಳಿದುಕೊಂಡರೆ, ಬಿಳಿ ಕೂದಲು ಕಂಡ ತಕ್ಷಣ ಕಬ್ಬಿಣ ಒಂದನ್ನೇ ಹಿಡಿದುಕೊಳ್ಳುವುದು ಯಾಕೆ ಸರಿಯಲ್ಲ ಅಂತ ಗೊತ್ತಾಗುತ್ತದೆ.

ಕಬ್ಬಿಣದ ಕೊರತೆ ಕೂದಲಿಗೆ ಮಾಡುವ ಹೆಚ್ಚು ಪರಿಚಿತ ತೊಂದರೆ ಉದುರುವಿಕೆ. ಬಾಚಣಿಕೆ ತುಂಬ ಕೂದಲು ಬರುತ್ತಿದ್ದರೆ ರಕ್ತ ನೋಡಿಸಲು ಅದು ಇನ್ನೂ ಒಳ್ಳೆಯ ಕಾರಣ.

ಹಂತ 1: ನರೆ ಬೇಗ ಬಂದಿದೆಯೇ ನೋಡಿ

ನಮ್ಮಂಥವರಲ್ಲಿ 25 ವರ್ಷಕ್ಕೆ ಮೊದಲೇ ನರೆ ಶುರುವಾದರೆ ವೈದ್ಯರು ಅದನ್ನು ಅಕಾಲಿಕ ನರೆ ಎನ್ನುತ್ತಾರೆ. ನಲವತ್ತರಲ್ಲಿ ಕಿವಿಯ ಪಕ್ಕ ಬೆಳ್ಳಗಾದರೆ ಅದು ವಯಸ್ಸಿನ ಕೆಲಸ, ಅದಕ್ಕೆ ಪರೀಕ್ಷೆ ಬೇಡ. ಇಪ್ಪತ್ತರ ಆಸುಪಾಸಿನಲ್ಲಿ ಒಂದೇ ಸಮನೆ ಹೆಚ್ಚುತ್ತಿದ್ದರೆ, ಮನೆಯಲ್ಲಿ ಹಿಂದೆ ಯಾರಿಗೂ ಹಾಗೆ ಬಂದಿರದಿದ್ದರೆ ನೋಡಿಸಿ. ಒಂದೇ ಜಾಗದಲ್ಲಿ ಕೂದಲೂ ಬಿಳಿ, ಅದರ ಕೆಳಗಿನ ಚರ್ಮವೂ ಬಿಳಿ ಇದ್ದರೆ ಅದು ತೊನ್ನು ಇರಬಹುದು. ಆಗ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಹಂತ 2: ಕೂದಲು ಬಿಟ್ಟು ಉಳಿದ ಗುರುತುಗಳನ್ನು ಹುಡುಕಿ

ಕಬ್ಬಿಣ ಕಡಿಮೆಯಾದದ್ದನ್ನು ಮೈ ಬೇರೆ ಬೇರೆ ಕಡೆ ತೋರಿಸುತ್ತದೆ. ಒಂದು ಮಹಡಿ ಹತ್ತಿದರೆ ಏದುಸಿರು. ಎದೆ ಡವಡವ. ಎದ್ದು ನಿಂತರೆ ತಲೆ ಸುತ್ತು. ಕನ್ನಡಿ ಮುಂದೆ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಿಗೆ ಬದಲು ಬಿಳಚು. ಬಾಯಿಯ ಮೂಲೆ ಒಡೆದಿರುವುದು, ನಾಲಿಗೆ ನುಣುಪಾಗಿ ಉರಿಯುವುದು. ಉಗುರು ಚಪ್ಪಟೆಯಾಗಿ, ಕೊರತೆ ಹಳೆಯದಾದರೆ ನಡುವೆ ತಗ್ಗಾಗುವುದು. ರಾತ್ರಿ ಮಲಗಿದಾಗ ಕಾಲು ಸುಮ್ಮನಿರಲು ಬಿಡದೆ ಅಲ್ಲಾಡಿಸುತ್ತಲೇ ಇರಬೇಕು ಅನಿಸುವುದು.

ಇನ್ನೊಂದು ಗುರುತನ್ನು ಜನ ಮುಚ್ಚಿಡುತ್ತಾರೆ: ಮಣ್ಣು, ಸೀಮೆಸುಣ್ಣ, ಒಲೆಯ ಬೂದಿ, ಹಸಿ ಅಕ್ಕಿ ತಿನ್ನುವ ಚಪಲ. ಬಸುರಿಯರಲ್ಲಿ ಇದನ್ನು ಬಯಕೆ ಅಂತ ನಕ್ಕು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಕಬ್ಬಿಣದ ಕೊರತೆಯಲ್ಲಿ ಈ ಚಪಲ ಸಾಮಾನ್ಯ, ಗುಳಿಗೆ ಶುರುವಾದ ಮೇಲೆ ಎಷ್ಟೋ ಜನರಲ್ಲಿ ತಾನಾಗೇ ಹೋಗುತ್ತದೆ. ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಹೇಳಿ.

ಕೈಕಾಲು ಜುಮುಗುಡುವುದು, ಪಾದ ಮರಗಟ್ಟುವುದು, ಮರೆವು ಇವು ಇದ್ದರೆ ಬಿ12 ಕಡೆ ಅನುಮಾನ ತಿರುಗುತ್ತದೆ. ಮೈ ದಪ್ಪವಾಗುವುದು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಕಡೆ.

ಹಂತ 3: ಸರಿಯಾದ ಪರೀಕ್ಷೆ ಮಾಡಿಸಿ, ವರದಿ ಓದಿ

ಬರೀ "ಎಚ್‌ಬಿ" ನೋಡಿಸಿ ಬರುವವರು ತುಂಬ. ಹಿಮೋಗ್ಲೋಬಿನ್ ಒಂದೇ ನೋಡಿದರೆ ರಕ್ತ ಕಡಿಮೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಯಾಕೆ ಕಡಿಮೆ ಅಂತ ಗೊತ್ತಾಗುವುದಿಲ್ಲ. ಡಾಕ್ಟರ ಹತ್ತಿರ ಇವುಗಳ ಬಗ್ಗೆ ಕೇಳಿ: ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ), ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ದುಡ್ಡು ಬಿಗಿ ಇದ್ದರೆ ಸಿಬಿಸಿಯಿಂದ ಶುರು ಮಾಡಬಹುದು, ಅದು ಅಗ್ಗ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ. ಮುಂದಿನ ಪರೀಕ್ಷೆಗಳಿಗೆ ಜಿಲ್ಲಾ ಆಸ್ಪತ್ರೆ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೂ ಇವೆ. ದೂರದ ಊರಿಗೆ ಓಡಬೇಕಾಗಿಲ್ಲ.

ವರದಿ ಕೈಗೆ ಬಂದಾಗ ಮೊದಲು ಹಿಮೋಗ್ಲೋಬಿನ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಯರಿಗೆ ಸಾಮಾನ್ಯವಾಗಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಇದು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಅನ್ನುವ ಅಳತೆ. "ನನಗ ಹತ್ತು ಐತ್ರೀ, ನಮ್ಮನ್ಯಾಗ ಎಲ್ಲಾರಿಗೂ ಅಷ್ಟ" ಅನ್ನುತ್ತಾರೆ. ಮನೆಯವರಿಗೆಲ್ಲ ಹತ್ತು ಇದ್ದರೆ ಮನೆಯವರಿಗೆಲ್ಲ ರಕ್ತ ಕಡಿಮೆ ಇದೆ ಅಂತ ಅರ್ಥ.

ಆಮೇಲೆ ಎಂಸಿವಿ. ಇದು ಕೆಂಪು ರಕ್ತಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ಕಣ ಸಣ್ಣದು, ಕಬ್ಬಿಣದ ಕೊರತೆಯಲ್ಲಿ ಹೀಗಾಗುತ್ತದೆ. 100ಕ್ಕಿಂತ ಜಾಸ್ತಿ ಇದ್ದರೆ ಕಣ ದಪ್ಪ, ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ ಇರಬಹುದು. ಇಲ್ಲೊಂದು ಮೋಸವಿದೆ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಒಂದು ಕಣವನ್ನು ಸಣ್ಣದು ಮಾಡುತ್ತದೆ, ಇನ್ನೊಂದು ದಪ್ಪ ಮಾಡುತ್ತದೆ, ಸರಾಸರಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಕಡೆ ಮೊಟ್ಟೆ, ಮಾಂಸ ಮುಟ್ಟದ ಮನೆಗಳು ಬಹಳ. ಬಿ12 ಗಿಡದ ಆಹಾರದಲ್ಲಿ ಸಿಗುವುದಿಲ್ಲ. ಹಾಗಾಗಿ ಎಂಸಿವಿ ಸರಿ ಇದೆ ಅಂತ ಬಿ12 ಪರೀಕ್ಷೆ ಬಿಡಬೇಡಿ, ಅದರಲ್ಲೂ ಚಿಂತೆ ನರೆಯದ್ದೇ ಆಗಿದ್ದರೆ. ಆರ್‌ಡಿಡಬ್ಲ್ಯು ಅನ್ನುವ ಅಂಕಿ ಹೆಚ್ಚಿದ್ದರೆ ಕಣಗಳು ಸಣ್ಣವು ದೊಡ್ಡವು ಬೆರೆತಿವೆ ಅಂತ.

ಮೂರನೆಯದು ಫೆರಿಟಿನ್. ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. 30ಕ್ಕಿಂತ ಕೆಳಗಿದ್ದರೂ ಬಹಳ ವೈದ್ಯರು ಕೊರತೆ ಅಂತಲೇ ನೋಡುತ್ತಾರೆ. ಹಿಮೋಗ್ಲೋಬಿನ್ ಇನ್ನೂ ಸರಿಯಾಗಿದ್ದಾಗಲೇ ಫೆರಿಟಿನ್ ಇಳಿದಿರುತ್ತದೆ. ಮೊದಲು ಕೂಡಿಟ್ಟದ್ದು ಖಾಲಿಯಾಗಿ, ಆಮೇಲೆ ರಕ್ತ ಇಳಿಯುವುದು. ಆದರೆ ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಜ್ವರ ಬಿಟ್ಟ ಮೇಲೆ ಕೆಲವು ದಿನ ಕಾದು ಮಾಡಿಸಿ.

ಎಂಸಿವಿ ತುಂಬ ಕಡಿಮೆ, ಫೆರಿಟಿನ್ ಮಾತ್ರ ಚೆನ್ನಾಗಿದೆ ಅಂದರೆ ಥಲಸ್ಸೆಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕರಿರಬಹುದು, ಅಂದರೆ ಅದರ ಜೀನ್ ಹೊತ್ತವರು. ಅಂಥವರು ಕೊರತೆ ಇಲ್ಲದೆ ಕಬ್ಬಿಣ ನುಂಗಿದರೆ ಲಾಭವಿಲ್ಲ, ವರ್ಷಗಟ್ಟಲೆ ನುಂಗಿದರೆ ದೇಹದಲ್ಲಿ ಕಬ್ಬಿಣ ಸೇರಿಕೊಂಡು ತೊಂದರೆಯಾಗಬಹುದು. ಇದನ್ನು ಹಿಮೋಗ್ಲೋಬಿನ್ ಎ2 ಪರೀಕ್ಷೆಯಿಂದ ಪತ್ತೆ ಮಾಡುತ್ತಾರೆ. ಮದುವೆಗೆ ಮುಂಚೆ ಗೊತ್ತಾದರೆ ಒಳ್ಳೆಯದು. ಸೋದರಿಕೆ ಸಂಬಂಧ ನಮ್ಮಲ್ಲಿ ಸಾಮಾನ್ಯ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಅಪಾಯ ಇರುತ್ತದೆ.

ಪರೀಕ್ಷೆಗೆ ಮೊದಲು ಇನ್ನೊಂದು ಮಾತು. ಕೂದಲಿಗೆ ಅಂತ ಬಯೊಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿನಲ್ಲಿ ಹೇಳಿ. ಜಾಸ್ತಿ ಬಯೊಟಿನ್ ಥೈರಾಯ್ಡ್ ವರದಿಯನ್ನು ಕೆಡಿಸಬಲ್ಲದು. ಎರಡು ಮೂರು ದಿನ ನಿಲ್ಲಿಸಿ ಬರಲು ಹೇಳುತ್ತಾರೆ.

ಹಂತ 4: ಕಬ್ಬಿಣ ಎಲ್ಲಿ ಸೋರುತ್ತಿದೆ?

ಅಂಗಡಿಗೆ ಬರುವವರು ಬಿಟ್ಟುಬಿಡುವ ಹಂತ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ತೂತು ಮುಚ್ಚದೆ ಕೊಡ ತುಂಬಿಸಿದ ಹಾಗೆ ವರ್ಷಾನುಗಟ್ಟಲೆ ಟಾನಿಕ್ ಕುಡಿಯುವವರಿದ್ದಾರೆ.

ಹೆಣ್ಣುಮಕ್ಕಳಲ್ಲಿ ಮೊದಲ ಕಾರಣ ಮುಟ್ಟಿನ ರಕ್ತ. ಏಳು ದಿನ ದಾಟಿ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ಹತ್ತು ರೂಪಾಯಿ ನಾಣ್ಯದಷ್ಟು ಹೆಪ್ಪು ಬೀಳುತ್ತಿದ್ದರೆ ಅದು ಹೆಚ್ಚು. "ಅವ್ವಗೂ ಹಿಂಗ ಇತ್ತು" ಅಂತ ಸುಮ್ಮನಿರುವವರೇ ಜಾಸ್ತಿ. ಇದಕ್ಕೆ ಔಷಧಿ ಇದೆ. ಸ್ತ್ರೀರೋಗ ತಜ್ಞರನ್ನು ಕಾಣಿ. ಬೆನ್ನು ಬೆನ್ನಿಗೆ ಹೆರಿಗೆಯಾದವರಿಗೂ ಕಬ್ಬಿಣ ಬರಿದಾಗಿರುತ್ತದೆ.

ಕೊಕ್ಕೆಹುಳ ಇನ್ನೊಂದು. ಇದರ ಮರಿ ಮಲ ಬಿದ್ದ ಹಸಿ ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮದ ಮೂಲಕ ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಗದ್ದೆಗಳಲ್ಲಿ ನೀರು ಹಾಯಿಸುವವರು, ಕಳೆ ತೆಗೆಯುವವರು ಚಪ್ಪಲಿ ಬಿಟ್ಟು ಇಳಿಯುವುದು ದಿನದ ಮಾತು. ಜಂತುಹುಳದ ಅಲ್ಬೆಂಡಜೋಲ್ 400 ಮಿಲಿಗ್ರಾಂ ಗುಳಿಗೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ ಮತ್ತು ಆಗಸ್ಟಿನಲ್ಲಿ ಕೊಡುತ್ತಾರೆ. ಮಕ್ಕಳಿಗೆ ತಪ್ಪಿಸಬೇಡಿ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಬಸುರಿಯಾದ ಮೊದಲ ಮೂರು ತಿಂಗಳಲ್ಲಿ ಇದು ಬೇಡ.

ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಬಂದರೆ ಅದನ್ನು ಹಗುರವಾಗಿ ನೋಡಬೇಡಿ. ರಕ್ತ ಹೊಟ್ಟೆಯಲ್ಲೋ ಕರುಳಿನಲ್ಲೋ ಸೋರುತ್ತಿರಬಹುದು. ಮೂಲವ್ಯಾಧಿ, ಹುಣ್ಣು, ಕೆಲವೊಮ್ಮೆ ಕ್ಯಾನ್ಸರ್. ಮೊಣಕಾಲು ನೋವಿಗೆ ದಿನಾ ನೋವಿನ ಗುಳಿಗೆ ನುಂಗುವವರ ಹೊಟ್ಟೆಯಲ್ಲಿ ಗೊತ್ತೇ ಆಗದ ಹಾಗೆ ರಕ್ತ ಒಸರುತ್ತದೆ. ಅರವತ್ತರ ಅಜ್ಜ ಬಂದು ಸುಸ್ತು ಅಂತ ಕಬ್ಬಿಣದ ಟಾನಿಕ್ ಕೇಳಿದರೆ ನಾನು ಬಾಟಲಿ ಕೊಡುವ ಮೊದಲು ಎಂಡೊಸ್ಕೋಪಿ, ಅಂದರೆ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆಯ ಮಾತೆತ್ತುತ್ತೇನೆ. ಬೈಸಿಕೊಂಡದ್ದೂ ಉಂಟು.

ಹಂತ 5: ಗುಳಿಗೆ ತೆಗೆದುಕೊಳ್ಳುವ ಕ್ರಮ

ಕೊರತೆ ಖಚಿತವಾದ ಮೇಲೆ ಊಟ ಒಂದರಿಂದಲೇ ಸರಿಪಡಿಸುವುದು ಕಷ್ಟ. ಲೆಕ್ಕ ಹಾಕಿ ನೋಡಿ. 50 ಕಿಲೋ ತೂಕದ ಹೆಣ್ಣುಮಗಳ ಹಿಮೋಗ್ಲೋಬಿನ್ 8 ಇದ್ದರೆ, ಅದನ್ನು ಏರಿಸಿ ಖಜಾನೆಯನ್ನೂ ತುಂಬಲು 1000 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಬೇಕು. ರೊಟ್ಟಿ, ಬೇಳೆ, ಪಲ್ಯದ ಊಟದಿಂದ ದಿನಕ್ಕೆ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ. ಅದೂ ದಿನದ ಖರ್ಚಿಗೇ ಹೋಗುತ್ತದೆ.

ಸರ್ಕಾರಿ ಕಬ್ಬಿಣದ ಗುಳಿಗೆ ಬಿಟ್ಟಿ ಸಿಗುತ್ತದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ, ಬಸುರಿ ಮತ್ತು ಬಾಣಂತಿಯರಿಗೆ ದಿನಕ್ಕೊಂದು ಕೆಂಪು ಗುಳಿಗೆ. ಎರಡರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬಸುರಿಯರು 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಆಶಾ ಕಾರ್ಯಕರ್ತೆಯನ್ನು ಕೇಳಿ. "ಸರ್ಕಾರದ ಗುಳಗಿ ಛಲೋ ಇರಂಗಿಲ್ಲ" ಅನ್ನುವ ಮಾತಿಗೆ ತಲೆ ಕೊಡಬೇಡಿ. ಔಷಧಿ ಮಾರುವವನೇ ಹೇಳುತ್ತಿದ್ದೇನೆ, ಅದರೊಳಗಿನ ಕಬ್ಬಿಣ ನನ್ನ ಅಂಗಡಿಯ ದುಬಾರಿ ಗುಳಿಗೆಯ ಕಬ್ಬಿಣಕ್ಕಿಂತ ಕಡಿಮೆಯದೇನಲ್ಲ.

ಅಂಗಡಿಯಲ್ಲೇ ಕೊಳ್ಳುವುದಾದರೆ ಲೇಬಲ್‌ನಲ್ಲಿ "ಎಲಿಮೆಂಟಲ್ ಐರನ್" ಎಷ್ಟು ಅಂತ ನೋಡಿ. ದೇಹಕ್ಕೆ ಸಿಗುವ ಲೆಕ್ಕ ಅದೇ. ಫೆರಸ್ ಫ್ಯೂಮರೇಟ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ ಕಬ್ಬಿಣ, ಫೆರಸ್ ಗ್ಲುಕೋನೇಟ್‌ನಲ್ಲಿ ನೂರಕ್ಕೆ 12ರಷ್ಟು. ಮುಂದೆ ಬರೆದ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ.

ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಬೆಳಿಗ್ಗೆ ಎದ್ದು ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ತೆಗೆದುಕೊಳ್ಳಿ. ವಾಕರಿಕೆ ಬಂದರೆ ಊಟವಾದ ಮೇಲೆ ಅಥವಾ ರಾತ್ರಿ. ಹೀರಿಕೊಳ್ಳುವುದು ಸ್ವಲ್ಪ ಕಡಿಮೆಯಾದರೂ ಗುಳಿಗೆ ಬಿಟ್ಟೇಬಿಡುವುದಕ್ಕಿಂತ ಮೇಲು. ಚಹಾ ಮಾತ್ರ ದೂರ ಇಡಿ. ಗುಳಿಗೆಗೆ ಮುಂಚೆ ಒಂದು ಗಂಟೆ, ಆಮೇಲೆ ಒಂದೆರಡು ಗಂಟೆ ಚಹಾ ಕಾಫಿ ಬೇಡ. ಎದ್ದ ಕೂಡಲೇ ಚಹಾ ಬೇಕೇ ಬೇಕು ಅನ್ನುವವರು ಗುಳಿಗೆಯನ್ನು ನಡುಹಗಲಿಗೋ ಮಲಗುವ ಹೊತ್ತಿಗೋ ಹಾಕಿಕೊಳ್ಳಿ. ಹಾಲು, ಕ್ಯಾಲ್ಸಿಯಂ ಗುಳಿಗೆ, ಗ್ಯಾಸಿನ ಔಷಧಿಗಳೂ ಕಬ್ಬಿಣಕ್ಕೆ ಅಡ್ಡ ಬರುತ್ತವೆ. ಬಸುರಿಯರಿಗೆ ಕ್ಯಾಲ್ಸಿಯಂ ಮತ್ತು ಕಬ್ಬಿಣ ಎರಡನ್ನೂ ಕೊಟ್ಟಿರುತ್ತಾರೆ. ಒಂದು ಬೆಳಿಗ್ಗೆ, ಒಂದು ರಾತ್ರಿ ಮಾಡಿಕೊಳ್ಳಿ. ಥೈರಾಯ್ಡ್ ಗುಳಿಗೆಗೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬೇಕು.

ದಿನ ಬಿಟ್ಟು ದಿನ ತೆಗೆದುಕೊಳ್ಳುವ ಪದ್ಧತಿ ಈಚೆಗೆ ಬಂದಿದೆ. ಕಾರಣ ಹೀಗಿದೆ. ಒಂದು ಡೋಸ್ ಕಬ್ಬಿಣ ಒಳಗೆ ಹೋದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚುತ್ತದೆ. ಮರುದಿನದ ಗುಳಿಗೆಯಿಂದ ಹತ್ತುವ ಪಾಲು ಆಗ ಕಡಿಮೆ. ಒಂದು ದಿನ ಬಿಟ್ಟರೆ ಪ್ರತಿ ಗುಳಿಗೆಯಿಂದ ಹತ್ತುವ ಪಾಲು ಹೆಚ್ಚು, ಹೊಟ್ಟೆಯ ಕಿರಿಕಿರಿಯೂ ಕಡಿಮೆ. ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದ ಹಳೆಯ ಕ್ರಮ ಈಗ ಹಿಂದೆ ಸರಿಯುತ್ತಿದೆ. ಆದರೆ ರಕ್ತ ತುಂಬ ಕಡಿಮೆ ಇದ್ದವರು, ಬಸುರಿಯರು ಡಾಕ್ಟರ್ ದಿನಾ ಅಂದಿದ್ದರೆ ದಿನಾನೇ ತೆಗೆದುಕೊಳ್ಳಬೇಕು.

ಮಲ ಕಪ್ಪಾಗುತ್ತದೆ. ಹೆದರಬೇಡಿ, ಅದು ಉಳಿದ ಕಬ್ಬಿಣ. ಗುಳಿಗೆ ಶುರು ಮಾಡದೆಯೇ ಡಾಂಬರಿನಂಥ ಕಪ್ಪು, ಅಂಟು, ನಾರುವ ಮಲ ಬಂದರೆ ಮಾತ್ರ ಅವತ್ತೇ ದವಾಖಾನೆಗೆ ಹೋಗಿ. ಮಲಬದ್ಧತೆಗೆ ನೀರು, ಪಲ್ಯ, ಕಾಳು ಹೆಚ್ಚಿಸಿ.

ಗುಳಿಗೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಕೆಂಪು ಗುಳಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಸಣ್ಣ ಮಗು ಒಂದಿಷ್ಟು ನುಂಗಿದರೆ ಜೀವಕ್ಕೇ ಅಪಾಯ.

ಫೋಲಿಕ್ ಆಮ್ಲದ ಬಗ್ಗೆಯೂ ಹೇಳಬೇಕು. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತದ ವರದಿ ಚೆನ್ನಾಗಿ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕಬ್ಬಿಣದ ಗುಳಿಗೆಗಳಲ್ಲಿ ಫೋಲಿಕ್ ಆಮ್ಲ ಬೆರೆತಿರುವುದೇ ಹೆಚ್ಚು. ಬಿ12 ಪರೀಕ್ಷೆಯ ಮಾತನ್ನು ನಾನು ಮತ್ತೆ ಮತ್ತೆ ಎತ್ತುವುದು ಅದಕ್ಕೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಪ್ಯಾಂಟಪ್ರಜೋಲ್ ವರ್ಷಗಳಿಂದ ತೆಗೆದುಕೊಳ್ಳುವವರಿಗೂ ಬಿ12 ಇಳಿಯಬಹುದು.

ಗುಳಿಗೆ ಹಿಡಿಸದಿದ್ದರೆ, ಹೀರಿಕೆಯೇ ಆಗದಿದ್ದರೆ, ಹೆರಿಗೆ ಹತ್ತಿರ ಬಂದು ರಕ್ತ ಇನ್ನೂ ಕಡಿಮೆ ಇದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಬಸುರಿಯರಿಗೆ ಹೀಗೆ ಒಂದೇ ಡೋಸಿನಲ್ಲಿ ಕೊಟ್ಟರೆ ಹೇಗೆ ಎಂಬ ದೊಡ್ಡ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲುಗೊಂಡಿತ್ತು. ಇದನ್ನು ಆಸ್ಪತ್ರೆಯಲ್ಲೇ ಮಾಡಿಸಬೇಕು, ಮನೆಗೆ ಬಂದು ಸಲೈನ್ ಹಚ್ಚುವವರ ಕೈಯಲ್ಲಿ ಬೇಡ. ಬಿಳಿ ಕೂದಲಿನ ಸಲುವಾಗಿ ಅಂತೂ ಬೇಡವೇ ಬೇಡ.

ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ, ಎದೆ ನೋಯುತ್ತಿದ್ದರೆ, ತಲೆ ತಿರುಗಿ ಬೀಳುತ್ತಿದ್ದರೆ ಈ ಹಂತಗಳನ್ನೆಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಹಂತ 6: ತಟ್ಟೆಯನ್ನು ಸ್ವಲ್ಪ ಬದಲಿಸಿ

ಗುಳಿಗೆ ಖಜಾನೆ ತುಂಬುತ್ತದೆ, ಅದು ಮತ್ತೆ ಬರಿದಾಗದಂತೆ ಊಟ ನೋಡಿಕೊಳ್ಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ವಯಸ್ಕ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು.

ದಾಳಿಂಬೆ, ಬೀಟ್‌ರೂಟ್ ಕೆಂಪಗಿವೆ ಅಂತ ರಕ್ತ ಕೊಡುತ್ತವೆ ಅನ್ನುವುದು ಬಣ್ಣ ನೋಡಿ ಕಟ್ಟಿದ ಮಾತು. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ದಾಳಿಂಬೆ ತಿನ್ನಿ, ರುಚಿಗೆ. ಬೆಲ್ಲವೂ ಹಾಗೇ. ಮಹಾಲಿಂಗಪುರದ ಬೆಲ್ಲ ನಮಗೆಲ್ಲ ಹೆಮ್ಮೆ, ಒಪ್ಪುತ್ತೇನೆ. ಆದರೆ ಒಂದು ತುಣುಕು ಬೆಲ್ಲದಿಂದ ಅರ್ಧ ಮಿಲಿಗ್ರಾಂ ಸಿಕ್ಕರೆ ದೊಡ್ಡದು, ಜೊತೆಗೆ ಸಕ್ಕರೆ ಎಷ್ಟು! ಸಕ್ಕರೆ ಕಾಯಿಲೆ ಇದ್ದವರು ರಕ್ತಕ್ಕೆ ಅಂತ ಬೆಲ್ಲ ತಿನ್ನುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ನಿಜವಾಗಿ ಕೆಲಸಕ್ಕೆ ಬರುವುದು ನಮ್ಮ ಹಳೆಯ ಊಟದಲ್ಲೇ ಇದೆ. ಸಜ್ಜೆಯಲ್ಲಿ 100 ಗ್ರಾಂಗೆ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವವರು ಚಳಿಗಾಲವಿಡೀ ವಾರಕ್ಕೆ ಒಂದೆರಡು ದಿನ ಮಾಡಿ. ಮಡಕಿ, ಹೆಸರು, ಕಡಲೆ, ಅಲಸಂದಿ ಕಾಳು ದಿನಾ ಇರಲಿ. ಮೊಳಕೆ ಬರಿಸಿ ಮಾಡಿ. ಕಾಳು, ಜೋಳಗಳಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ರಾಜಗಿರಿ, ಮೆಂತ್ಯೆ ಪಲ್ಯ ಎಲ್ಲವೂ ಒಳ್ಳೆಯವು. ಬಾಣಂತಿಗೆ ಕೊಡುವ ಅಳವಿ ಬೀಜದಲ್ಲೂ ಕಬ್ಬಿಣ ಹೇರಳ.

ಇವೆಲ್ಲದರ ಜೊತೆ ವಿಟಮಿನ್ ಸಿ ಇರಬೇಕು. ಗಿಡದ ಕಬ್ಬಿಣ ಹತ್ತುವುದು ಅದರ ಸಹಾಯದಿಂದ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣು ನಮ್ಮ ಮೂರೂ ಜಿಲ್ಲೆಯ ಸಂತೆಗೆ ಬರುತ್ತದೆ. ಬಿಸಿ ಸಾರಿಗೆ ಹಾಕಿ ಕುದಿಸಬೇಡಿ, ತಟ್ಟೆಗೆ ಬಡಿಸಿದ ಮೇಲೆ ಮಡಕಿ ಉಸಳಿಯ ಮೇಲೆ ಅರ್ಧ ಹೋಳು ಹಿಂಡಿ. ಊಟದ ಜೊತೆ ಹಸಿ ಗಜ್ಜರಿ, ಸೌತೆಗಿಂತ ಪೇರಲ ಹಣ್ಣು, ನೆಲ್ಲಿಕಾಯಿ ಮೇಲು.

ಕಬ್ಬಿಣದ ಬಾಣಲೆಯೂ ಸಹಾಯ ಮಾಡುತ್ತದೆ, ಆದರೆ ಹಂಚಿನ ಮೇಲೆ ರೊಟ್ಟಿ ಬೇಯಿಸಿದ್ದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ನೀರು, ಹುಳಿ, ಹೊತ್ತು ಮೂರೂ ಸೇರಿದಾಗ ಕಬ್ಬಿಣ ಬಿಡುತ್ತದೆ. ಟೊಮೆಟೊ ಹಾಕಿದ ಕಾಳಿನ ಪಲ್ಯ, ಹುಳಿ ಸಾರು ಇದಕ್ಕೆ ಸರಿ. ಪುಂಡಿ ಪಲ್ಯ ಮಾಡಿದರೆ ಬಣ್ಣ ಕಪ್ಪಾಗಿ ಮನೆಯವರು ಮೂಗು ಮುರಿಯಬಹುದು.

ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಕೆಲಸ ಸುಲಭ. ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ, ಬಿ12 ಕೂಡ ಸಿಗುತ್ತದೆ. ತಿನ್ನದವರು ಬಿ12ಗೆ ಹಾಲು, ಮೊಸರು, ಮಜ್ಜಿಗೆ ನಂಬಬೇಕು. ಕೊರತೆ ಆಗಲೇ ಇದ್ದರೆ ಅಷ್ಟರಿಂದ ಸಾಲದು, ಗುಳಿಗೆ ಅಥವಾ ಇಂಜೆಕ್ಷನ್ ಬೇಕು.

ಊಟ ಮುಗಿದ ಮೇಲಿನ ಚಹಾ ಒಂದು ಗಂಟೆ ತಡವಾಗಲಿ. ಇಷ್ಟೊಂದು ಸಣ್ಣ ಬದಲಾವಣೆಗೆ ಇಷ್ಟೊಂದು ವಿರೋಧ ನಾನು ಬೇರೆಲ್ಲೂ ನೋಡಿಲ್ಲ.

ಹಂತ 7: ಮರುಪರೀಕ್ಷೆ

ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ನೋಡಿಸಿ. ಕನಿಷ್ಠ 1 ಗ್ರಾಂ ಏರಿರಬೇಕು, ರಕ್ತ ತುಂಬ ಕಡಿಮೆ ಇದ್ದವರಲ್ಲಿ 2 ಗ್ರಾಂ ತನಕ ಏರುತ್ತದೆ. ಏರದಿದ್ದರೆ ಗುಳಿಗೆ ಸರಿಯಾಗಿ ತೆಗೆದುಕೊಂಡಿಲ್ಲ, ಅಥವಾ ಚಹಾ, ಕ್ಯಾಲ್ಸಿಯಂ ಅಡ್ಡ ಬರುತ್ತಿವೆ, ಅಥವಾ ರಕ್ತ ಇನ್ನೂ ಸೋರುತ್ತಿದೆ, ಅಥವಾ ಕಾರಣವೇ ಬೇರೆ. ಬ್ರ್ಯಾಂಡ್ ಬದಲಿಸುವ ಮೊದಲು ಈ ನಾಲ್ಕನ್ನೂ ಡಾಕ್ಟರ ಜೊತೆ ಮಾತಾಡಿ.

ಏರಿ 12 ಮುಟ್ಟಿತು ಅಂತ ನಿಲ್ಲಿಸಬೇಡಿ. ರಕ್ತ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಫೆರಿಟಿನ್ ತುಂಬುತ್ತದೆ. ಅರ್ಧಕ್ಕೆ ಬಿಟ್ಟವರು ವರ್ಷ ತುಂಬುವುದರೊಳಗೆ ಅದೇ ಸುಸ್ತು ಹೊತ್ತು ಮತ್ತೆ ಬರುತ್ತಾರೆ.

ಹಂತ 8: ಇನ್ನು ಕೂದಲು

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊರಗೆ ಬಂದ ಬಿಳಿ ಭಾಗ ಸತ್ತ ಭಾಗ, ಅದಕ್ಕೆ ಮತ್ತೆ ಬಣ್ಣ ಬರುವುದಿಲ್ಲ. ಬದಲಾವಣೆ ಆಗುವುದಿದ್ದರೆ ಬುಡದಲ್ಲಿ ಹೊಸದಾಗಿ ಬರುವ ಕೂದಲಲ್ಲಿ ಆಗಬೇಕು. ಬಿ12 ಅಥವಾ ಥೈರಾಯ್ಡ್ ಸರಿಪಡಿಸಿದ ಮೇಲೆ ಕೆಲವರಲ್ಲಿ ಬಣ್ಣ ಮರಳಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಬ್ಬಿಣದಿಂದ ಮರಳುತ್ತದೆ ಅನ್ನುವ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಉದುರುವುದು ಕಡಿಮೆಯಾಗಬಹುದು, ಅದಕ್ಕೂ ಕೆಲವು ತಿಂಗಳು ಬೇಕು. ಚಿಕಿತ್ಸೆ ಫಲಿಸಿತೇ ಅಂತ ನೋಡಲು ಕನ್ನಡಿ ಬೇಡ, ವರದಿ ನೋಡಿ, ಮೆಟ್ಟಿಲು ಹತ್ತಿ ನೋಡಿ.

ಕೂದಲಿಗೆ ಅಂತ ಮಾರುವ ಗುಳಿಗೆಗಳಲ್ಲಿ ಸತು ಜಾಸ್ತಿ ಇರುತ್ತದೆಯೇ ನೋಡಿಕೊಳ್ಳಿ. ತಿಂಗಳುಗಟ್ಟಲೆ ಹೆಚ್ಚು ಸತು ತೆಗೆದುಕೊಂಡರೆ ದೇಹದಲ್ಲಿ ತಾಮ್ರ ಇಳಿಯುತ್ತದೆ. ತಾಮ್ರ ಇಳಿದರೆ ರಕ್ತಹೀನತೆಯೂ ಬರುತ್ತದೆ, ಕೂದಲಿನ ಬಣ್ಣವೂ ಹೋಗುತ್ತದೆ. ಕಪ್ಪಾಗಲಿ ಅಂತ ನುಂಗಿದ್ದು ಬೆಳ್ಳಗೆ ಮಾಡಿದಂತೆ! ಅಂಥ ಗುಳಿಗೆಯನ್ನು ಕೇಳದೆ ದೀರ್ಘಕಾಲ ಮುಂದುವರಿಸಬೇಡಿ.

ಬಣ್ಣ ಹಚ್ಚುವುದಾದರೆ ಹಚ್ಚಿ, ಅದರಲ್ಲೇನೂ ತಪ್ಪಿಲ್ಲ. ಬರೀ ಮದರಂಗಿ ಕೆಂಚು ಬಣ್ಣ ಕೊಡುತ್ತದೆ. "ಕರಿ ಮೆಹಂದಿ" ಅಂತ ಮಾರುವ ಪುಡಿಗಳು ಕಪ್ಪಾಗುವುದು ಹೆಚ್ಚಾಗಿ ಅದರಲ್ಲಿ ಬೆರೆಸಿದ ಪಿಪಿಡಿ ಎಂಬ ರಾಸಾಯನಿಕದಿಂದ. ಕೆಲವರಿಗೆ ಅದು ಮುಖ ಊದುವಷ್ಟು ಅಲರ್ಜಿ ಮಾಡುತ್ತದೆ, ಹೊಟ್ಟೆಗೆ ಹೋದರೆ ಕಡು ವಿಷ. ಪ್ಯಾಕೆಟ್ಟಿನ ಹಿಂದೆ ಓದಿ, ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಉರಿ, ಗುಳ್ಳೆ ಏನೂ ಇಲ್ಲದಿದ್ದರೆ ತಲೆಗೆ ಹಚ್ಚಿ. ಪುಡಿಯ ಡಬ್ಬಿಯನ್ನೂ ಕಬ್ಬಿಣದ ಗುಳಿಗೆಯ ಜೊತೆಗೇ ಮೇಲಿನ ಗೂಡಿನಲ್ಲಿಡಿ.